ಯಾರಿಗೂ ಅಂದರೆ ನನಗೂ

ಬೀಗದ ವಿಷಯದಲ್ಲಿ ನಾನು ಸ್ವಲ್ಪ ಹುಚ್ಚ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತೇನೆ. ಬೀದಿಯ ತಿರುವಿಗೆ ಹೋದ ಮೇಲೆ ನಾಲ್ಕನೆಯ ಸಲ ಜಗ್ಗಲು ವಾಪಸು ಬರುತ್ತೇನೆ. ಹೀಗೆ ಜಗ್ಗಿ ಜಗ್ಗಿಯೇ ಒಂದು ಬೀಗ ಕೆಟ್ಟುಹೋಯಿತು. ಅದನ್ನು ಒಡೆದುಕೊಟ್ಟವನಿಗೆ ನಾನು ಕೊಟ್ಟ ಕೂಲಿ, ಕಳ್ಳ ಬಂದಿದ್ದರೆ ನಮ್ಮ ಮನೆಯಿಂದ ಒಯ್ಯಬಹುದಾಗಿದ್ದಕ್ಕಿಂತ ಹೆಚ್ಚು ಎಂದು ನನ್ನ ಹೆಂಡತಿ ಸುಗುಣ ಇವತ್ತಿಗೂ ಹೇಳುತ್ತಾಳೆ. ಇಷ್ಟೆಲ್ಲ ಜಗ್ಗಾಟದ ಹಿಂದೆ ಇದ್ದದ್ದು ಒಂದೇ ನಂಬಿಕೆ: ಕಳ್ಳ ಹೊರಗಿನಿಂದ ಬರುತ್ತಾನೆ. ಐವತ್ತೆರಡು ವರ್ಷ ಜೋಪಾನ ಮಾಡಿಕೊಂಡು ಬಂದ ಆ ನಂಬಿಕೆ ಶಿಡ್ಲಘಟ್ಟದ ಒಂದು ಸೈಬರ್ ಸೆಂಟರಿನಲ್ಲಿ, ಹಾಡಹಗಲಲ್ಲಿ, ಹೆಂಡತಿಯ ಎದುರಿಗೇ ಮುರಿದುಬಿತ್ತು. ಆ ಪೆಟ್ಟಿನಿಂದ ನಾನು ಇನ್ನೂ ಪೂರ್ತಿ ಸುಧಾರಿಸಿಕೊಂಡಿಲ್ಲ.

ನಮ್ಮ ತಾಲ್ಲೂಕು ಆಗತಾನೇ ಕೋಲಾರದಿಂದ ಬಿಡಿಸಿಕೊಂಡು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತ್ತು. ನಾನು ಸರ್ಕಾರಿ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಅಚ್ಚಾಗಿ ಬಂದಿದ್ದ ಕಾಗದಗಳ ಮೇಲೆ ‘ಕೋಲಾರ’ ಎಂಬುದನ್ನು ಹೊಡೆದುಹಾಕಿ ‘ಚಿಕ್ಕಬಳ್ಳಾಪುರ’ ಎಂದು ಕೈಯಲ್ಲಿ ಬರೆಯುವುದೇ ಆಗ ನನಗೆ ಅರ್ಧ ದಿನದ ಕೆಲಸ. ಸುಗುಣ ಸಾದಲಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಮ್ಮ. ಮೊದಲೆಲ್ಲ ಅವಳ ಸಂಬಳ ಕೈಗೇ ಬರುತ್ತಿತ್ತು. ಆಮೇಲೆ ಬ್ಯಾಂಕಿಗೆ ಬರತೊಡಗಿತು. ಒಂದು ಲಕೋಟೆಯಲ್ಲಿ ಎಟಿಎಂ ಕಾರ್ಡು, ಇನ್ನೊಂದರಲ್ಲಿ ಅದರ ಗುಪ್ತ ಸಂಖ್ಯೆ ಬಂದವು. ಎರಡನ್ನೂ ನಾನೇ ಒಡೆದೆ. ಮನೆಗೆ ಬಂದ ಸರ್ಕಾರಿ ಕಾಗದ ಒಡೆಯುವುದು ಗಂಡಸು ಎಂಬುದು ನಮ್ಮ ಕಡೆ ಯಾರೂ ಬರೆದಿಡದ ಕಾನೂನು. ಕಾರ್ಡು ನನ್ನ ಪರ್ಸಿಗೂ ಸಂಖ್ಯೆ ನನ್ನ ತಲೆಗೂ ಹೋಗಿ ಸೇರಿದವು. ತಿಂಗಳ ಮೊದಲ ವಾರ ನಾನು ದುಡ್ಡು ತೆಗೆದು ಮನೆಖರ್ಚಿಗೆಂದು ಅವಳ ಕೈಗೆ ಕೊಡುತ್ತಿದ್ದೆ, ಬಸ್‌ ಚಾರ್ಜಿಗೆ ಬೇರೆ. ಅವಳು ಎಣಿಸಿಕೊಂಡು, ತಿಂಗಳ ಕೊನೆಗೆ ಯಾವುದಕ್ಕೆ ಎಷ್ಟಾಯಿತೆಂದು ನನಗೆ ಒಪ್ಪಿಸುತ್ತಿದ್ದಳು. ನನ್ನ ಸಂಬಳದಲ್ಲಿ ಮನೆಸಾಲದ ಕಂತು ಕಳೆದು ಉಳಿದದ್ದು ನನ್ನ ಪೆಟ್ರೋಲು, ಪೇಪರು, ಎಲೆಯಡಿಕೆಗೆ ಸರಿಹೋಗುತ್ತಿತ್ತು. ಈ ಏರ್ಪಾಟಿನಲ್ಲಿ ವಿಚಿತ್ರವೇನಾದರೂ ಇದೆಯೆಂದು ನನಗೆ ಹೊಳೆದೇ ಇರಲಿಲ್ಲ. ನಿಮಗೆ ಈಗಾಗಲೇ ಹೊಳೆದಿದ್ದರೆ ನೀವು ನನಗಿಂತ ಜಾಣರು, ಇಲ್ಲವೇ ಹೆಂಗಸರು.

ಅಷ್ಟರಲ್ಲಿ ಗೌರಿಬಿದನೂರಿನ ಕಡೆಯಿಂದ ಒಂದು ಸುದ್ದಿ ಬಂತು. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನಮ್ಮ ದೂರದ ನೆಂಟನಿಗೆ ಬ್ಯಾಂಕಿನಿಂದ ಬಂದಂತೆ ಕಾಣುವ ಒಂದು ಈಮೇಲ್ ಬಂದಿತ್ತು. ನಿಮ್ಮ ಖಾತೆ ನಿಂತುಹೋಗಲಿದೆ, ಕೂಡಲೇ ಪಾಸ್‌ವರ್ಡ್ ಕಳಿಸಿ ಎಂದು. ನೆಂಟ ಬಹಳ ಸಭ್ಯ. ಕೇಳಿದ್ದನ್ನೆಲ್ಲ ಕಳಿಸಿದ್ದಲ್ಲದೆ, ಉತ್ತರ ಒಂದು ದಿನ ತಡವಾದದ್ದಕ್ಕೆ ಕ್ಷಮೆಯನ್ನೂ ಕೇಳಿ, ಕೊನೆಯಲ್ಲಿ ‘ತಮ್ಮ ವಿಶ್ವಾಸಿ’ ಎಂದು ಬರೆದಿದ್ದ. ಎರಡು ತಿಂಗಳ ಸಂಬಳ ಅಷ್ಟೇ ಸಭ್ಯವಾಗಿ ಹೊರಟುಹೋಯಿತು. ಕೇಳಿ ನಾನು ದಂಗಾದೆ. ಬಾಗಿಲು ಮುರಿದಿಲ್ಲ, ಹೆಂಚು ಸರಿಸಿಲ್ಲ, ಬೀದಿನಾಯಿ ಒಂದು ಸಲ ಬೊಗಳಿಲ್ಲ! ಇಂಥ ಕಾಲದಲ್ಲಿ ಬೀಗ ಜಗ್ಗಿ ಏನು ಬಂತು? ಬ್ಯಾಂಕಿನವರು ಹಂಚಿದ್ದ ಎಚ್ಚರಿಕೆಯ ಚೀಟಿಯೊಂದು ನನ್ನ ಕೈಗೆ ಸಿಕ್ಕಿತು. ‘ನಿಮ್ಮ ಗುಪ್ತಪದವನ್ನು ಯಾರಿಗೂ ಹೇಳಬೇಡಿ’ ಎಂಬುದು ಅದರ ಮೊದಲ ಸಾಲು. ಅದನ್ನು ಜೇಬಿನಲ್ಲಿಟ್ಟುಕೊಂಡು ಕಾಲೇಜಿನಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ ಓದಿ ಅರ್ಥ ಹೇಳತೊಡಗಿದೆ. ಹರಿಕಥೆ ದಾಸರಿಗೂ ಅಷ್ಟು ಉತ್ಸಾಹ ಇರಲಾರದು.

ಗುಟ್ಟು ಕಾಯುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ನಮ್ಮ ದೊಡ್ಡಪ್ಪ ದನದ ಸಂತೆಯಲ್ಲಿ ಟವಲಿನ ಕೆಳಗೆ ವ್ಯಾಪಾರ ಮಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೊಳ್ಳುವವನ ಕೈ, ಮಾರುವವನ ಕೈ ಎರಡೂ ಒಂದೇ ಟವಲಿನೊಳಗೆ. ಬಾಯಲ್ಲಿ ಮಳೆ ಬೆಳೆಯ ಮಾತು, ಒಳಗೆ ಬೆರಳು ಹಿಡಿದು ಬೆಲೆಯ ಮಾತು. ಸುತ್ತ ನಿಂತವರಿಗೆ ಎತ್ತು ಕಾಣುತ್ತಿತ್ತು, ಟವಲು ಕಾಣುತ್ತಿತ್ತು, ಬೆಲೆ ಮಾತ್ರ ಕಾಣುತ್ತಿರಲಿಲ್ಲ. ಇಷ್ಟು ಗುಟ್ಟಾಗಿ ಕುದುರಿದ ವ್ಯಾಪಾರವನ್ನು ದೊಡ್ಡಪ್ಪ ಮನೆಗೆ ಬಂದು ಕಾಲು ತೊಳೆಯುವ ಮೊದಲೇ ದೊಡ್ಡಮ್ಮನಿಗೆ ಪೈಸೆ ಬಿಡದೆ ಹೇಳಿಬಿಡುತ್ತಿದ್ದರು. ಅಂದರೆ ಟವಲು ಊರಿಗೆ, ಮನೆಯವರಿಗಲ್ಲ. ನಾನು ಆ ಪಾಠದಲ್ಲಿ ಅರ್ಧ ಮಾತ್ರ ಕಲಿತಿದ್ದೆ. ಮನೆಯವರ ಗುಟ್ಟೆಲ್ಲ ನನಗೆ ಗೊತ್ತಿರಬೇಕು ಎಂಬುದು ನೆನಪಿತ್ತು. ನನ್ನ ಗುಟ್ಟು ಮನೆಯವರಿಗೂ ಗೊತ್ತಿರಬೇಕು ಎಂಬುದು ಮರೆತುಹೋಗಿತ್ತು.

ಸುಗುಣಳ ಖಾತೆಗೂ ಇಂಟರ್‌ನೆಟ್ ಸೌಲಭ್ಯ ಇರಲಿ ಎಂದು ನಾನೇ ಅರ್ಜಿ ತುಂಬಿ ಅವಳಿಂದ ಸಹಿ ಹಾಕಿಸಿದ್ದೆ. ಪಾಸ್‌ವರ್ಡಿನ ಲಕೋಟೆ ಬಂತು. ಬಂದದ್ದನ್ನು ಕೂಡಲೇ ಬದಲಿಸಬೇಕೆಂದು ಚೀಟಿಯಲ್ಲಿ ಇತ್ತಲ್ಲ, ಒಂದು ಶನಿವಾರ ಮಧ್ಯಾಹ್ನ ಅವಳ ಶಾಲೆ ಬಿಟ್ಟ ಮೇಲೆ ಚಾಂದ್ ಪಾಷನ ಸೈಬರ್ ಸೆಂಟರಿಗೆ ಕರೆದುಕೊಂಡು ಹೋದೆ. ಮೊದಲು ಅದು ಟೆಲಿಫೋನ್ ಬೂತಾಗಿತ್ತು. ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಶೆಡ್ಡು, ಬೆಂದ ಗೂಡಿನ ವಾಸನೆ ಕಂಪ್ಯೂಟರಿಗೂ ಹಿಡಿದಿತ್ತು. ದಾರಿಯುದ್ದಕ್ಕೂ ನಾನು ಚೀಟಿಯ ಸಾರಾಂಶ ಹೇಳುತ್ತಲೇ ಬಂದಿದ್ದೆ. ಸುಗುಣ ಮಕ್ಕಳ ಮಗ್ಗಿ ಕೇಳಿಸಿಕೊಳ್ಳುವವಳಂತೆ ಹೂಂಗುಟ್ಟುತ್ತಿದ್ದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಎಲ್ಲಿ ಏನು ಒತ್ತಬೇಕೆಂದು ಹಿಂದೆ ನಿಂತು ಹೇಳಿಕೊಟ್ಟೆ. ಹೊಸ ಪಾಸ್‌ವರ್ಡ್ ಕೇಳುವ ಜಾಗ ಬಂತು.

“ಹೊಡೀರಿ ಮೇಡಂ, ನಾನು ಈ ಕಡೆ ತಿರ್ಕೊಂತೀನಿ,” ಎಂದು ಚಾಂದ್ ಪಾಷ ಮರ್ಯಾದೆಯಿಂದ ಗೋಡೆಗೆ ಮುಖ ಮಾಡಿದ. ನನಗೆ ಅವನ ಮೇಲೆ ಅಭಿಮಾನ ಉಕ್ಕಿತು.

ಸುಗುಣ ಒತ್ತಲಿಲ್ಲ. “ರೀ, ನೀವೂ ತಿರ್ಕೊಳ್ಳಿ,” ಎಂದಳು.

“ನಾನ್ಯಾಕೆ?”

“ಯಾರಿಗೂ ಹೇಳ್ಬೇಡಿ ಅಂತ ಬರೆದಿದೆಯಲ್ಲ. ಒಂದು ವಾರದಿಂದ ಊರಿಗೆಲ್ಲ ನೀವೇ ಓದಿ ಹೇಳ್ತಿದ್ದೀರ.”

“ಯಾರಿಗೂ ಅಂದ್ರೆ ಕಳ್ಳಕಾಕರಿಗೆ ಕಣೇ!”

“ಹಂಗಂತ ಬರೆದಿಲ್ವಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೂವತ್ತು ವರ್ಷದಿಂದ ಮಕ್ಕಳಿಗೆ ಬರೆದದ್ದನ್ನು ಬರೆದ ಹಾಗೆಯೇ ಓದಬೇಕೆಂದು ಕಲಿಸಿದವಳು, ನನಗೂ ಅದನ್ನೇ ಹೇಳಿದ್ದಳು ಅಷ್ಟೇ. ನಾನು ತಿರುಗಿ ನಿಂತೆ. ಚಾಂದ್ ಪಾಷ ಮತ್ತು ನಾನು ಅಕ್ಕಪಕ್ಕದಲ್ಲಿ, ಸುಣ್ಣ ಉದುರಿದ ಗೋಡೆಯನ್ನು ನೋಡುತ್ತ, ತರಗತಿಯಲ್ಲಿ ಶಿಕ್ಷೆಗೆ ನಿಲ್ಲಿಸಿದವರ ಹಾಗೆ. ಹಿಂದೆ ಕೀಲಿಗಳ ಸದ್ದು ಒಂದೊಂದಾಗಿ ಕೇಳುತ್ತಿತ್ತು. ನನ್ನ ಮನೆಯಲ್ಲಿ ನನಗೆ ಗೊತ್ತಿಲ್ಲದ ಒಂದು ಮಾತು ಹುಟ್ಟುತ್ತಿತ್ತು.

ನಿಜವಾದ ಸಿಡಿಲು ಬಡಿದದ್ದು ಆಮೇಲೆ. ಪಾಸ್‌ವರ್ಡ್ ಆದ ಮೇಲೆ, ಖಾತೆಯ ಒಂದು ವರ್ಷದ ವಿವರ ಹೇಗೆ ನೋಡುವುದೆಂದು ನಾನೇ, ನನ್ನ ಬಾಯಿಂದಲೇ, ಉತ್ಸಾಹದಿಂದ ಹೇಳಿಕೊಟ್ಟೆ. ಸುಗುಣ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಸಾಲು ಓದಿದಳು.

“ಇದೇನ್ರೀ, ಚಿಂತಾಮಣಿ ಎಟಿಎಂ ಅಂತ ಇದೆ? ಒಂದು ಸಾವಿರ. ಹೋದ ತಿಂಗಳೂ ಚಿಂತಾಮಣಿ. ಅದರ ಹಿಂದಿನ ತಿಂಗಳೂ.”

ನನ್ನ ಅಕ್ಕ ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಭಾವ ತೀರಿಕೊಂಡು ಹತ್ತು ವರ್ಷವಾಗಿದೆ, ಅಕ್ಕನಿಗೆ ಸಕ್ಕರೆ ಕಾಯಿಲೆ. ಮಾತ್ರೆಗೆ ಅಳಿಯನ ಮುಂದೆ ಕೈಯೊಡ್ಡಲು ಅವಳಿಗೆ ಸಂಕೋಚ. ಪ್ರತಿ ತಿಂಗಳ ಮೊದಲ ಭಾನುವಾರ ನಾನು ಅವಳನ್ನು ನೋಡಲು ಹೋಗುತ್ತೇನೆಂದು ಸುಗುಣಳಿಗೆ ಗೊತ್ತಿತ್ತು. ಚಿಂತಾಮಣಿಯಲ್ಲಿ ಬಸ್ಸಿಳಿದು, ಸುಗುಣಳ ಕಾರ್ಡಿನಿಂದ ಸಾವಿರ ತೆಗೆದು ಅಕ್ಕನ ಕೈಗಿಡುತ್ತೇನೆಂದು ಗೊತ್ತಿರಲಿಲ್ಲ. ಅಕ್ಕನಿಗೂ ಅದು ನನ್ನ ದುಡ್ಡಲ್ಲವೆಂದು ಗೊತ್ತಿರಲಿಲ್ಲ. ನೋಟನ್ನು ಕಣ್ಣಿಗೊತ್ತಿಕೊಂಡು, “ಇಂಥ ತಮ್ಮ ಯಾರಿಗಿದಾನಪ್ಪಾ!” ಎಂದು ಅವಳು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಆ ಒಂದು ಮಾತಿಗಾಗಿ ತಿಂಗಳೆಲ್ಲ ಕಾಯುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

“ಅಕ್ಕನಿಗೆ,” ಎಂದೆ.

ಸುಗುಣ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಶಾಲೆ ಮಕ್ಕಳ ಜೊತೆ ಪ್ರವಾಸ ಹೋಗ್ತೀನಿ, ಇನ್ನೂರು ಕೊಡಿ ಅಂದೆ ಈ ತಿಂಗಳಲ್ಲಿ. ಈ ಸಾವಿರ ತೆಗೆದ್ರಲ್ಲ ನೋಡಿ, ಅದರ ಮಾರನೇ ದಿನಾನೇ. ಕೈ ಬಿಗಿ ಇದೆ, ಮುಂದಿನ ಸಲ ಹೋಗು ಅಂದ್ರಿ. ಬರೀ ನನ್ನೊಬ್ಬಳನ್ನ ಬಿಟ್ಟು ಎಲ್ಲ ಟೀಚರ್‌ಗಳೂ ಹೋಗ್ಬಂದ್ರು.”

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಗಾಬರಿಯಾಯಿತು. ಚಾಂದ್ ಪಾಷ ಪಾಪ, ಇನ್ನೂ ಗೋಡೆಯನ್ನೇ ನೋಡುತ್ತಿದ್ದ. ನಮ್ಮ ಅಜ್ಜಿ ತೆಲುಗಿನಲ್ಲಿ ಒಂದು ಗಾದೆ ಹೇಳುತ್ತಿದ್ದಳು: ‘ಇಂಟಿ ದೊಂಗನು ಈಶ್ವರುಡೈನಾ ಪಟ್ಟಲೇಡು’. ಮನೆಕಳ್ಳನನ್ನು ಈಶ್ವರನೂ ಹಿಡಿಯಲಾರ ಎಂದು. ಅಜ್ಜಿಯ ಕಾಲಕ್ಕೆ ಸರಿ. ಈಗ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟರೆ ಹಿಡಿದುಕೊಡುವ ಯಂತ್ರ ಬಂದಿದೆ. ಆ ಇಪ್ಪತ್ತು ರೂಪಾಯಿ ಕೊಟ್ಟವನೂ ನಾನೇ.

ದಾರಿಯಲ್ಲಿ ನಾನೇ ಕಾರ್ಡನ್ನು ಪರ್ಸಿನಿಂದ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಬೇಡವೆನ್ನಲಿಲ್ಲ. ಸೋಮವಾರ ಅದರ ಸಂಖ್ಯೆಯನ್ನೂ ಬದಲಿಸಿಕೊಂಡು ಬಂದಳು. ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಊಟಕ್ಕೆ ಬನ್ನಿ, ನೀರು ಬಂತು, ಹಾಲಿನವನು ಬಂದ, ಇಷ್ಟೇ ಮಾತು. ಅದರ ನಡುವೆ ಮುಂದಿನ ತಿಂಗಳ ಮೊದಲ ಭಾನುವಾರ ಹತ್ತಿರವಾಗುತ್ತ ಬಂತು. ಅಕ್ಕನ ಮಾತ್ರೆ ಮುಗಿದಿರುತ್ತದೆ. ಸುಗುಣಳನ್ನು ಕೇಳಲು ಬಾಯಿಲ್ಲ. ಬರಿಗೈಯಲ್ಲಿ ಹೋಗಲು ಮುಖವಿಲ್ಲ.

ಇಲ್ಲಿಂದ ಮುಂದಿನದನ್ನು ಹೇಳಲು ನನಗೇ ನಾಚಿಕೆ. ಶುಕ್ರವಾರ ಕಾಲೇಜಿನಿಂದ ಅರ್ಧ ದಿನ ರಜೆ ಹಾಕಿ ಚಾಂದ್ ಪಾಷನಲ್ಲಿಗೆ ಹೋದೆ. ಒಂದು ಸಾವಿರವನ್ನು ಅವಳ ಖಾತೆಯಿಂದ ನನ್ನ ಖಾತೆಗೆ ಹಾಕಿಕೊಂಡು, ಆಮೇಲೆ ಹೇಗೋ ತುಂಬಿದರಾಯಿತು ಎಂಬ ಲೆಕ್ಕ. ಪಾಸ್‌ವರ್ಡ್ ಊಹಿಸಬೇಕಿತ್ತು, ಅಷ್ಟೇ. ಇಪ್ಪತ್ತೇಳು ವರ್ಷ ಜೊತೆಗೆ ಬಾಳಿದವಳ ಮನಸ್ಸು ಗೊತ್ತಿಲ್ಲವೇ? ಮೊದಲು ನನ್ನ ಹೆಸರು ಹೊಡೆದೆ. ತಪ್ಪು ಎಂದಿತು. ನಂಬಲಾಗದೆ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದೆ. ನನ್ನ ಹೆಸರಿನ ಮುಂದೆ ನಮ್ಮ ಮದುವೆಯ ಇಸವಿ ಸೇರಿಸಿ ಹೊಡೆದೆ. ತಪ್ಪು. ಮೂರನೆಯದಾಗಿ ನಮ್ಮ ಮಗಳ ಹೆಸರು. ಮೂರು ಸಲ ತಪ್ಪಾದ್ದರಿಂದ ಖಾತೆಗೆ ಬೀಗ ಹಾಕಲಾಗಿದೆ, ಖಾತೆದಾರರು ಖುದ್ದಾಗಿ ಶಾಖೆಗೆ ಬರಬೇಕು ಎಂಬ ಸಾಲು ಕೆಂಪಕ್ಷರದಲ್ಲಿ ಮೂಡಿತು. ಜೀವಮಾನವೆಲ್ಲ ಬೀಗ ಜಗ್ಗಿದವನಿಗೆ ಕೊನೆಗೂ ಒಂದು ಗಟ್ಟಿ ಬೀಗ ಸಿಕ್ಕಿತ್ತು, ನಾನು ಅದರ ಹೊರಗಿದ್ದೆ. ಕುಡುಮಲಕುಂಟೆಯ ನೆಂಟನಿಗೆ ಈಮೇಲ್ ಕಳಿಸಿದವನಿಗೂ ನನಗೂ ಇದ್ದ ವ್ಯತ್ಯಾಸ, ಅವನಿಗೆ ಕೆಲಸ ಬರುತ್ತಿತ್ತು ಎಂಬುದೊಂದೇ.

ಮನೆಗೆ ಬರುವಾಗ ‘ಯಾವನೋ ಕಳ್ಳ ನಿನ್ನ ಖಾತೆಗೆ ಕೈಹಾಕಿದ್ದಾನೆ’ ಎಂದು ಹೇಳಿಬಿಡೋಣವೇ ಎನ್ನಿಸಿತು. ಅದರಲ್ಲಿ ಸುಳ್ಳೂ ಇರಲಿಲ್ಲ. ಆದರೆ ಹೊಸ್ತಿಲು ದಾಟುವ ಹೊತ್ತಿಗೆ ಧೈರ್ಯ ಸೋರಿಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸುಗುಣ ಅವರೆಕಾಳು ಹಿಸುಕುತ್ತಿದ್ದವಳು ಕೈ ನಿಲ್ಲಿಸಿದಳು.

“ಏನೇನು ಹೊಡೆದ್ರಿ?”

“ಮೊದಲು ನನ್ನ ಹೆಸರು.”

“ಆಮೇಲೆ?”

“ನನ್ನ ಹೆಸರು, ಮದುವೆ ಇಸವಿ.”

ಸುಗುಣಳಿಗೆ ನಗು ಬಂತು. ಮೂರು ವಾರದ ನಗು ಒಟ್ಟಿಗೇ ಬಂದದ್ದರಿಂದ ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕಾಯಿತು. ಆ ಕಣ್ಣೀರಿನಲ್ಲಿ ಬರೀ ನಗುವೇ ಇತ್ತೆಂದು ಹೇಳಲಾರೆ.

“ಅತ್ತಿಗೆಯವರ ಮಾತ್ರೆಗೆ ಬೇಕು ಅಂದಿದ್ರೆ ನಾನು ಬೇಡ ಅಂತಿದ್ನೇನ್ರೀ? ಕೇಳಕ್ಕೆ ಏನಾಗಿತ್ತು ನಿಮಗೆ?” ಎಂದಳು.

ಕೇಳಿದ್ದರೆ ಕೊಟ್ಟವಳು ಅವಳಾಗುತ್ತಿದ್ದಳು, ನಾನಲ್ಲ. ಅದೇ ಉತ್ತರ. ಅದನ್ನು ಅವಳಿಗೆ ಹೇಳಲು ಆಗಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಭಾನುವಾರ ಸುಗುಣಳೂ ಹೊರಟಳು. ಚಿಂತಾಮಣಿಯ ಎಟಿಎಂನೊಳಗೆ ಅವಳು ಹೋದಳು, ನಾನು ಚೀಲ ಹಿಡಿದುಕೊಂಡು ಹೊರಗೆ ನಿಂತೆ. ದುಡ್ಡನ್ನು ಅಕ್ಕನ ಕೈಗೆ ಅವಳೇ ಕೊಟ್ಟಳು, ಇಷ್ಟು ದಿನ ಬಂದದ್ದೂ ಯಾವ ಖಾತೆಯದೆಂದು ನಾನೇ ಹೇಳಿದೆ. ಅಕ್ಕ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಗರ ಬಡಿದವಳಂತೆ ಕೂತಳು.

“ಅಯ್ಯೋ ದೇವ್ರೇ! ಈವಮ್ಮನ ದುಡ್ಡಿಗೆ ನಿನ್ನ ಹೊಗಳಿದೀನಲ್ಲೋ ನಾಗ್ರಾಜ! ಅಷ್ಟೂ ವಾಪಸ್ ಕೊಡೋ ಅವಳಿಗೆ!”

ದುಡ್ಡಾದರೆ ಬಡ್ಡಿ ಹಾಕಿ ತೀರಿಸಬಹುದು, ಹೊಗಳಿಕೆಯನ್ನು ಹಿಂದಿರುಗಿಸಲು ಯಾವ ಬ್ಯಾಂಕಿನಲ್ಲೂ ಅರ್ಜಿಯಿಲ್ಲ. ಮುಂದಿನ ತಿಂಗಳು ಎಲೆಯಡಿಕೆ ಬಿಟ್ಟು, ಪೇಪರನ್ನು ಕಾಲೇಜಿನಲ್ಲೇ ಓದಿ, ನನ್ನ ಸಂಬಳದಲ್ಲಿ ಮುನ್ನೂರು ರೂಪಾಯಿ ಉಳಿಸಿದೆ. ಅಕ್ಕನ ಮನೆಯಲ್ಲಿ ಸುಗುಣ ತನ್ನದನ್ನು ಕೊಟ್ಟ ಮೇಲೆ ನಾನೂ ಕೊಟ್ಟೆ. ಅಕ್ಕ ಕಣ್ಣಿಗೊತ್ತಿಕೊಳ್ಳಲಿಲ್ಲ. ಮೂರು ನೋಟನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿ, “ಇದು ಯಾರದೋ?” ಎಂದಳು.

“ನಂದೇ ಅಕ್ಕ.”

ಅಕ್ಕ ಸುಗುಣಳ ಮುಖ ನೋಡಿದಳು. ಸುಗುಣ ಹೌದೆಂದು ತಲೆಯಾಡಿಸಿದ ಮೇಲೆಯೇ ನೋಟನ್ನು ಸೆರಗಿನ ಗಂಟಿಗೆ ಸೇರಿಸಿದಳು.