ಮಾಳಿಗೆಯ ಮಣ್ಣು

ಆಳಂದದಲ್ಲಿ ನಾನೂ ಅವ್ವನೂ ಬಾಡಿಗೆಗಿದ್ದದ್ದು ಮಣ್ಣಿನ ಮಾಳಿಗೆಯ ಮನೆ; ತೊಲೆಗಳ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಸೂರು. ಎಂಬತ್ತರ ದಶಕ. ಬಸ್ ನಿಲ್ದಾಣದ ಸುತ್ತ ಅಂಗಡಿಗಳು ಏಳುತ್ತಿದ್ದವು. ಮನೆಯ ಮಾಲಿಕ ತೊಗರಿ ವ್ಯಾಪಾರಿ. ನಮ್ಮನ್ನು ಎಬ್ಬಿಸಿ ಅಲ್ಲೂ ಅಂಗಡಿ ಕಟ್ಟಿಸುವ ಹಂಚಿಕೆ ಹಾಕಿದ್ದ. ನಾವು ಬಿಡುವುದಿಲ್ಲ ಎಂದೆವು. ಆ ನಡುಮನೆಯಲ್ಲೇ ಬ್ಲೌಸು ಹೊಲಿದು ನಾನು ಹೊಟ್ಟೆ ಹೊರೆಯುತ್ತಿದ್ದೆ, ಬಿಟ್ಟು ಹೋಗುವುದಾದರೂ ಎಲ್ಲಿಗೆ?

ಒಂದು ಬೇಸಿಗೆಯಲ್ಲಿ ಪುರಸಭೆಯ ಇಂಜಿನಿಯರ್ ಬಂದ. ಬಾಗಿದ ತೊಲೆಯನ್ನು ನೋಡಿ, ಹೊರಗೋಡೆಗೆ ನೋಟಿಸು ಅಂಟಿಸಿದ: ಅಪಾಯಕಾರಿ ಕಟ್ಟಡ, ಮಳೆಗಾಲದೊಳಗೆ ತೆರವು ಮಾಡಬೇಕು.

"ನಾಳಿ ಬಿದ್ರ ಯಾರು ಜವಾಬ್ದಾರಿ ಅಕ್ಕಾರ? ಖಾಲಿ ಮಾಡ್ರಿ."

"ಕಾಗದ ಅಂಟಿಸಿದ್ರ ತೊಲಿ ನೆಟ್ಟಗಾಗ್ತದೇನ್ರಿ ಸಾಹೇಬ್ರ? ರಿಪೇರಿ ಮಾಡಿಸ್ರಿ ಅಂತ ಮಾಲಕರಿಗೆ ಯಾಕ ಬರೀಲಿಲ್ಲ?"

ಆತ ಸೈಕಲ್ ಹತ್ತಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ತೊಲೆ ಬಾಗಿದ್ದು ಸುಳ್ಳಲ್ಲವಲ್ಲ! ಅವ್ವ ಅದರ ಕೆಳಗೇ ಮಲಗುತ್ತಿದ್ದಳು. ಏಣಿ ಹಾಕಿ ಮೇಲೆ ಹತ್ತಿ ಸಲಿಕೆ ಊರಿದೆ. ಅಬ್ಬಾ, ಅಗೆದಷ್ಟೂ ಮಣ್ಣು! ಜೂನಿನ ಮಿರಗದ ಮಳೆಗೆ ಮುಂಚೆ, ಸೋರದಿರಲೆಂದು, ನಮ್ಮ ಕಡೆ ಮಾಳಿಗೆಗೆ ಹೊಸ ಮಣ್ಣು ಹಾಕಿಸುತ್ತಾರೆ. ಹಳೆಯದನ್ನು ಕೆರೆದು ತೆಗೆಯುವ ರಗಳೆ ಯಾರಿಗೂ ಬೇಡ, ವರ್ಷ ವರ್ಷ ಹೇರುತ್ತಲೇ ಹೋಗುತ್ತಾರೆ. ತೊಲೆಗೆ ಹುಳ ಹಿಡಿದಿರಲಿಲ್ಲ, ಹೊರೆ ಹೆಚ್ಚಾಗಿತ್ತು ಅಷ್ಟೇ.

ತೊಲೆಗೆ ಗಟ್ಟಿ ಕಂಬ ಆನಿಸಿ ಕೆರೆಯತೊಡಗಿದೆ. ಓಣಿಯ ಹೆಂಗಸರು ಬುಟ್ಟಿ ಹಿಡಿದು ಬಂದರು. "ನಡಿ ಬೇ, ನಮ್ಮ ಮಾಳಿಗಿನೂ ಹಿಂಗೇ ಅದ," ಎಂದು ಕೈಯಿಂದ ಕೈಗೆ ಬುಟ್ಟಿ ದಾಟಿಸಿದರು. ಮಣ್ಣೆಲ್ಲ ಬೀದಿಗೆ ಬಿತ್ತು.

ಸುದ್ದಿ ಕೇಳಿ ಮಾಲಿಕ ಓಡಿಬಂದ. "ನನ್ನ ಮಾಳಿಗಿ ಮಣ್ಣಿಗೆ ಕೈ ಹಚ್ಚಾಕ ನೀವ್ಯಾರು?"

"ಮಣ್ಣು ನಿಮ್ದೇ ಸಾವ್ಕಾರ್ರ, ತುಂಬ್ಕೊಂಡು ಹೋಗ್ರಿ. ಕೆಳಗಿನ ತಲಿ ನಮ್ದು!"

ಓಣಿಗೆ ಓಣಿಯೇ ನಕ್ಕಿತು. ಕೇಸು ಹಾಕುತ್ತೇನೆ ಎಂದ. ಹಾಕ್ರಿ ಎಂದೆ.

ತೆಳ್ಳಗೆ ಒಂದೇ ಪದರ ಬಿಳಿಮಣ್ಣು ಹಾಕಿ ಬಡಿದು ಕೂರಿಸಿದೆವು. ಮಳೆ ಹಿಡಿದ ಮೇಲೆ ಇಂಜಿನಿಯರ್ ಮತ್ತೆ ಬಂದ, ಮೇಲೆ ಕೆಳಗೆ ನೋಡಿದ. "ಈಗ ಅಪಾಯ ಇಲ್ಲ, ಖರೆ. ಆದ್ರ ಆರ್ಡರ್ ಆಗ್ಯಾದಲ್ರಿ," ಎಂದ.

ಒಳಗಿನಿಂದ ಅವ್ವ ಗದರಿದಳು: "ಆರ್ಡರ್ ನಿನ್ನ ಆಫೀಸಿನ್ಯಾಗ ಇರ್ಲಿ ತಮ್ಮಾ. ನಾ ನನ್ನ ಮನ್ಯಾಗ ಇರ್ತೇನಿ."

ಇದ್ದಳು ಕೂಡ. ಎಷ್ಟೋ ವರ್ಷಗಳ ಮೇಲೆ, ಅದೇ ತೊಲೆಯ ಕೆಳಗೆ, ನನ್ನ ತೊಡೆಯ ಮೇಲೆ ತಲೆಯಿಟ್ಟು ಜೀವ ಬಿಟ್ಟಳು. ಅಲ್ಲಿಯತನಕ ಮೇಲಿನಿಂದ ಅವಳ ಮೈಮೇಲೆ ಒಂದು ಹರಳೂ ಬೀಳಲಿಲ್ಲ.