ಅಕ್ಕನ ಮನೆಗೆ ಧೂಳು ತಂದವರು

ಧೂಳನ್ನು ಕ್ಯಾರಿಬ್ಯಾಗಿನಲ್ಲಿ ತುಂಬಿಕೊಂಡು ಬಂದು ಇನ್ನೊಬ್ಬರ ಮನೆಯ ಟೀವಿ ಮೇಲೆ ಸುರಿಯುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಐದು ಜನ. ಅವರಲ್ಲಿ ಒಬ್ಬಳು ನನ್ನ ಸ್ವಂತ ಮಗಳು.

ಹೋದ ತಿಂಗಳ ಮಾತು. ಮಗಳು ಪಲ್ಲವಿ ಡಿಗ್ರಿ ಕೊನೆಯ ವರ್ಷದಲ್ಲಿದ್ದಾಳೆ. ಐದೈದು ಮಂದಿ ಗುಂಪಾಗಿ ಒಂದು ಪುಟ್ಟ ಸಾಕ್ಷ್ಯಚಿತ್ರ ಮಾಡಬೇಕಂತೆ. ಗ್ರೂಪ್ ಪ್ರಾಜೆಕ್ಟ್! ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ, ಅವನ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಇರಲಿಲ್ಲ ಅಂತ ಕಾಣುತ್ತದೆ.

ಮೊದಲ ಮೀಟಿಂಗು ಸೇಡಂನ ನಮ್ಮ ಮನೆಯಲ್ಲೇ ಆಯಿತು. ಐದು ಜನ, ಐವರೂ ಡೈರೆಕ್ಟರ್. ಮೈಕ್ ಹಿಡಿಯುವವರು ಯಾರು ಎಂದು ಕೇಳಿದೆ. ಎಲ್ಲರೂ ಮೊಬೈಲ್ ನೋಡಿಕೊಂಡರು. ಆಮೇಲೆ ವಿಷಯ ಯಾವುದೆಂಬ ಚರ್ಚೆ. ಸನ್ನತಿಯ ಸ್ತೂಪ ಬೇಡ, ಸೀನಿಯರ್ಸ್ ಮಾಡಿಬಿಟ್ಟಿದ್ದಾರೆ. ಚಂದ್ರಂಪಳ್ಳಿ ಡ್ಯಾಮಿಗೆ ಡ್ರೋನ್ ಬೇಕು. (ಟ್ರೈಪಾಡೇ ಇಲ್ಲ, ಡ್ರೋನ್ ಕನಸು.) ಕಡೆಗೆ ಅಭಿಷೇಕ ಎಂಬ ಹುಡುಗ, ಐದು ಡೈರೆಕ್ಟರುಗಳಲ್ಲಿ ದೊಡ್ಡ ದನಿಯವನು, ಶಹಾಬಾದಿನ ಕಲ್ಲಿನ ಧೂಳಿನ ಮೇಲೆ ಚಿತ್ರ ತೆಗೆಯೋಣ ಎಂದ. ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೊಯ್ಯುವ ಮಷಿನ್‌ಗಳು, ಲಾರಿಗಳು, ಬೆಳ್ಳಗಾದ ಗಿಡಗಳು, ಧೂಳು ತುಂಬಿದ ಮನೆಗಳು. ವಿಷಯ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ತನ್ನ ದೊಡ್ಡವ್ವನ ಮನೆ ಅಲ್ಲೇ ಇದೆ ಎಂದು ಪಲ್ಲವಿ ಥಟ್ಟನೆ ಹೇಳಿಬಿಟ್ಟಳು.

ದೊಡ್ಡವ್ವ ಎಂದರೆ ನನ್ನ ಅಕ್ಕ ಶಾರದಾ. ಕಲ್ಲಿನ ಮಷಿನ್‌ಗಳ ಹಿಂದಿನ ಓಣಿಯಲ್ಲಿ ಅವಳ ಮನೆ. ದಿನವಿಡೀ ಕೈಯಲ್ಲಿ ಒರೆಸುವ ಬಟ್ಟೆ. ಮಗನಿಗೆ ಹೆಣ್ಣು ನೋಡುತ್ತಿದ್ದಾಳೆ. ಹಿಂದೆ ಚಿಂಚೋಳಿ ಕಡೆಯವರು ಮನೆ ನೋಡಲು ಬಂದಿದ್ದರು. ಎಲ್ಲ ಕುದುರಿತ್ತು. ಹುಡುಗಿಯ ತಾಯಿ ಏಳುವಾಗ ಕುರ್ಚಿಯ ಕೈ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡಳು, ಅಷ್ಟೇ. ಊರಿಗೆ ಹೋಗಿ ಫೋನ್ ಮಾಡುತ್ತೇವೆ ಎಂದವರು ಇವತ್ತಿಗೂ ಮಾಡಿಲ್ಲ. ಈಗ ಚಿತ್ತಾಪುರದ ಕಡೆ ಇನ್ನೊಂದು ಸಂಬಂಧದ ಮಾತು ನಡೆದಿದೆ.

ಇಂಥವಳ ಮನೆಗೆ ನಾವು ಧೂಳು ಹುಡುಕಿಕೊಂಡು ಹೋದೆವು. ಶೂಟಿಂಗಿಗೆ ಬರುತ್ತಾರೆಂದರೆ ಅಕ್ಕ ಸುಮ್ಮನಿರುತ್ತಾಳೆಯೇ? ಗೋಡೆ ತೊಳೆದಿದ್ದಳು, ಫ್ಯಾನಿನ ರೆಕ್ಕೆ ಒರೆಸಿದ್ದಳು, ಬಾಗಿಲಿನಿಂದ ಓಣಿಯ ತುದಿಯವರೆಗೆ ನೀರು ಹೊಡೆದಿದ್ದಳು. ಅಂಗಳದ ಕರಿಬೇವಿನ ಗಿಡಕ್ಕೂ ಸ್ನಾನ ಆಗಿತ್ತು. ತಾನೂ ಹೊಸ ಸೀರೆ ಉಟ್ಟು ನಿಂತಿದ್ದಳು. ಮನೆಗೆ ಮಂದಿ ಬರುತ್ತಾರೆಂದರೆ ನಮ್ಮ ಕಡೆ ಯಾರು ಹೀಗೆ ಮಾಡುವುದಿಲ್ಲ ಹೇಳಿ? ಇಷ್ಟು ಸಣ್ಣ ಸಂಗತಿ ಐವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅಭಿಷೇಕ ಕಂಗಾಲಾಗಿ, ಎಲ್ಲೂ ಧೂಳೇ ಇಲ್ಲವಲ್ಲ ಎಂದ. ಅಕ್ಕ ಅದನ್ನು ಹೊಗಳಿಕೆ ಎಂದುಕೊಂಡು, ಖುಷಿಯಿಂದ ಮಂಡಕ್ಕಿ ಸುಸಲಾ ಮಾಡಲು ಒಳಗೆ ಹೋದಳು. ಉಳ್ಳಾಗಡ್ಡಿ ಹೆಚ್ಚಲು ನಾನೂ ಹೋದೆ.

ಪ್ಲೇಟು ಹಿಡಿದು ಹೊರಬಂದರೆ ಟೀವಿ, ಕುರ್ಚಿ, ಕಿಟಕಿ, ಎಲ್ಲ ಬಿಳಿಬಿಳಿ! ಮಷಿನ್ ಹತ್ತಿರದಿಂದ ಧೂಳು ತಂದು ಉದುರಿಸಿದ್ದರು. ಪಲ್ಲವಿ ನನ್ನ ಮುಖ ನೋಡಲಿಲ್ಲ. ಅಕ್ಕ ಪ್ಲೇಟು ಕೆಳಗಿಟ್ಟು ಬಟ್ಟೆ ತೆಗೆದುಕೊಂಡಳು.

"ಆಂಟಿ, ಒರಸಬ್ಯಾಡ್ರಿ, ಕಂಟಿನ್ಯುಟಿ ಹೋಗ್ತದ," ಎಂದ ಅಭಿಷೇಕ.

ಕಂಟಿನ್ಯುಟಿಯಂತೆ! ಆ ಮನೆಯಲ್ಲಿ ಕಂಟಿನ್ಯುಟಿ ಅಂತ ಏನಾದರೂ ಇದ್ದರೆ ಅದು ಅಕ್ಕನ ಒರೆಸುವ ಬಟ್ಟೆಗೆ ಮಾತ್ರ.

"ತಮ್ಮಾ, ಈ ಪಿಚ್ಚರ್ ನೋಡಿದ ಮ್ಯಾಲ ನನ್ನ ಮಗಗ ಹೆಣ್ಣ ಯಾರ್ ಕೊಡ್ತಾರ?" ಎಂದಳು ಅಕ್ಕ. "ಹೊರಗಿನ ಧೂಳ ತಗೀರಿ, ನಾ ಬ್ಯಾಡ ಅನ್ನಂಗಿಲ್ಲ. ನಮ್ಮ ಮನಿ ಮರ್ಯಾದಿ ಯಾಕ ತಗೀಲಿಕತ್ತೀರಿ?"

ನನಗೆ ಸಿಟ್ಟು ನೆತ್ತಿಗೇರಿತು. ಐವರನ್ನೂ ನಿಲ್ಲಿಸಿ ಬೈದೆ. ಮನೆಯೊಳಗಿನ ಒಂದೂ ಶಾಟ್ ಬಳಸುವುದಿಲ್ಲ ಎಂದು ಮಾತು ತೆಗೆದುಕೊಂಡೆ. ಅವರೇ ಎಲ್ಲ ಒರೆಸಿದರು. ಸುಸಲಾ ತಿಂದರು, ಚಹಾ ಕುಡಿದರು, ಅಕ್ಕನ ಕಾಲಿಗೆ ಬಿದ್ದರು. ಅಕ್ಕ ಕರಗಿಹೋಗಿ ಇನ್ನೊಂದು ಸುತ್ತು ಬಡಿಸಿದಳು.

ಮೊನ್ನೆ ಕಾಲೇಜಿನಲ್ಲಿ ಪ್ರದರ್ಶನ. ಕಲ್ಲು ಬಂತು, ಲಾರಿ ಬಂತು, ದುಃಖದ ಕೊಳಲು ಬಂತು. ಕೊನೆಗೆ ಬಂತು ನೋಡಿ, ಬಿಳಿ ಟೀವಿ, ಬಿಳಿ ಕುರ್ಚಿ, ಬಟ್ಟೆ ಹಿಡಿದ ಅಕ್ಕ. "ನನ್ನ ಮಗಗ ಹೆಣ್ಣ ಯಾರ್ ಕೊಡ್ತಾರ?" ಅಲ್ಲಿಗೆ ಮುಗಿಯಿತು. ಕ್ಯಾಮೆರಾ ಆವತ್ತು ಆಫ್ ಆಗಿರಲೇ ಇಲ್ಲ. 'ಈ ಪಿಚ್ಚರ್ ನೋಡಿದ ಮ್ಯಾಲ' ಎಂದಿದ್ದಳಲ್ಲ, ಅಷ್ಟನ್ನು ಮಾತ್ರ ಕತ್ತರಿಸಿ ಎಸೆದಿದ್ದರು.

ಹಾಲ್ ತುಂಬ ಚಪ್ಪಾಳೆ. ಎಂಥ ನೈಜತೆ ಎಂದರು ತೀರ್ಪುಗಾರರು. ಮೊದಲ ಬಹುಮಾನ. (ಧೂಳು ಕ್ಯಾರಿಬ್ಯಾಗಿನದು ಎಂದು ಕೂಗಿಬಿಡಬೇಕೆನಿಸಿತು. ಮಗಳ ಮುಖ ನೋಡಿ ಸುಮ್ಮನಾದೆ.)

ಮಾತು ಕೊಟ್ಟಿದ್ದಿರಲ್ಲ ಎಂದು ಆಮೇಲೆ ಕೇಳಿದೆ. ಎಡಿಟಿಂಗ್ ತನ್ನದಲ್ಲ ಎಂದ ಅಭಿಷೇಕ. ಎಡಿಟ್ ಮಾಡಿದವಳು ಡೈರೆಕ್ಟರ್ ಹೇಳಿದಂತೆ ಮಾಡಿದೆ ಎಂದಳು. ಡೈರೆಕ್ಟರ್ ಯಾರು? ಮೀಟಿಂಗಿನ ದಿನ ಐದು ಜನ ಇದ್ದರು, ಈಗ ಒಬ್ಬರೂ ಇಲ್ಲ. ಪಲ್ಲವಿಯಂತೂ, ಮೆಜಾರಿಟಿ ಹಾಗಿತ್ತು ಮಮ್ಮಿ ಎಂದಳು. ಗ್ರೂಪ್ ಪ್ರಾಜೆಕ್ಟಿನಲ್ಲಿ ಮಕ್ಕಳು ಕೂಡಿ ಕೆಲಸ ಮಾಡುವುದನ್ನು ಕಲಿಯುತ್ತಾರಂತೆ. ನನಗೆ ಕಂಡದ್ದು, ಕೂಡಿ ಜಾರಿಕೊಳ್ಳುವುದನ್ನು ಕಲಿತದ್ದು.

ವಿಡಿಯೋ ಈಗ ಎಲ್ಲರ ಸ್ಟೇಟಸ್ಸಿನಲ್ಲಿದೆ. ವಾಡಿಯ ಗೆಳತಿಯೊಬ್ಬಳು ಅಳುವ ಇಮೋಜಿ ಹಾಕಿ ನನಗೇ ಕಳಿಸಿದ್ದಾಳೆ. ವಾಡಿಗೆ ಬಂದದ್ದು ಪಕ್ಕದ ಚಿತ್ತಾಪುರಕ್ಕೆ ಹೋಗಲು ಎಷ್ಟು ಹೊತ್ತು? (ನೀನೂ ಪೇಪರಿನಲ್ಲಿ ಬರೆದು ಅಕ್ಕನ ಮಾನ ಕಳೆಯುತ್ತಿದ್ದೀ ಎನ್ನಬೇಡಿ. ಕಳೆಯಲು ಏನೂ ಉಳಿದಿಲ್ಲ. ಧೂಳು ಎಲ್ಲಿಂದ ಬಂತು ಎಂಬುದಾದರೂ ಗೊತ್ತಾಗಲಿ.) ಅಕ್ಕನ ಮಗ ನೋಡಿದ್ದಾನೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ. ಅಕ್ಕನ ಹತ್ತಿರ ಇರುವುದು ಬಟನ್ ಫೋನ್.

ಆ ಬಟನ್ ಫೋನಿನಿಂದ ನಿನ್ನೆ ಫೋನ್ ಬಂತು. ಚಿತ್ತಾಪುರದವರು ಬರುವ ವಾರ ಮನೆ ನೋಡಲು ಬರುತ್ತಾರಂತೆ. ಹುಡುಗರು ಪಾಸಾದರೇ ಎಂದು ವಿಚಾರಿಸಿದಳು. ಮೊದಲ ಬಹುಮಾನ ಬಂತು ಎಂದೆ. ಅವಳಿಗೆ ಆದ ಸಂತೋಷ ಹೇಳತೀರದು.

"ನಮ್ಮ ಪಲ್ಲವಿ ಮಾಡಿದ ಪಿಚ್ಚರ್ ಅಂತ ಬೀಗರಿಗಿ ತೋರಸ್ತೀನಿ," ಎಂದಳು. "ಒಂದ್ ಕಾಪಿ ಕಳಸು."

ಡೈರೆಕ್ಟರುಗಳೇ, ಬಹುಮಾನ ತೆಗೆದುಕೊಳ್ಳಲು ಐವರೂ ಸ್ಟೇಜ್ ಹತ್ತಿದಿರಲ್ಲ, ಆ ಪಿಚ್ಚರಿನಲ್ಲಿ ಏನಿದೆ ಎಂದು ಈಗ ಅಕ್ಕನಿಗೆ ಫೋನ್ ಮಾಡಿ ಹೇಳುವವರು ಯಾರು?