ಓಡದೇ ಉಳಿದ ಹನ್ನೆರಡು ಟೆಸ್ಟ್‌ಗಳು

ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನಾನು ಮಣಿಪಾಲದ ಸಣ್ಣ ಕಂಪನಿಯೊಂದರಲ್ಲಿ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನರ್ಸಿಂಗ್ ಹೋಮ್‌ಗಳಿಗೆ ಔಷಧದ ಪ್ರಮಾಣ ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್ ನಮ್ಮದು. ಆ ಲೆಕ್ಕ ಸರಿಯೇ ಎಂದು ನೋಡುವ ಪುಟ್ಟ ಪ್ರೋಗ್ರಾಂಗಳೇ ಟೆಸ್ಟ್‌ಗಳು. ಅವೆಲ್ಲ ಇದ್ದ ಫೈಲ್ ನಾಲ್ಕು ಸಾವಿರ ಸಾಲು ದಾಟಿತ್ತು. ಎಲ್ಲ ಸರಿಯಿದ್ದರೆ ಪರದೆಯಲ್ಲಿ ಹಸಿರು ಬರುತ್ತಿತ್ತು, ಅದನ್ನು ನಾನು ಕಣ್ಣು ಮುಚ್ಚಿ ನಂಬುತ್ತಿದ್ದೆ.

ಕಾಪುವಿನ ಮೀನುಗಾರರ ಮನೆಯ ಹರಿಣಾಕ್ಷಿ ನಮ್ಮಲ್ಲಿ ಟೆಸ್ಟರ್ ಆಗಿ ಸೇರಿ ಆರು ತಿಂಗಳಾಗಿತ್ತು. ಆ ವಾರವೇ ಅವಳ ಕೆಲಸ ಖಾಯಂ ಆಗಬೇಕಿತ್ತು. ಬಿಡುವಿನಲ್ಲಿ ಅವಳೊಂದು ಕಮಾಂಡ್ ಬರೆದಿದ್ದಳು. ಆದೇಶಗಳನ್ನು ಟೈಪಿಸುವ ಟರ್ಮಿನಲ್‌ನಲ್ಲಿ ಅದರ ಜೊತೆ ಫೈಲಿನ ಹೆಸರು ಕೊಟ್ಟರೆ ಯಾವ ಗುಂಪಿನೊಳಗೆ ಯಾವ ಟೆಸ್ಟ್ ಇದೆ ಎಂದು ವಂಶವೃಕ್ಷದ ಹಾಗೆ ತೋರಿಸುತ್ತಿತ್ತು. ಪ್ರತಿ ಸಾಲಿನ ಎದುರು ಅದನ್ನು ಕೊನೆಗೆ ತಿದ್ದಿದವರ ಹೆಸರೂ ಇರುತ್ತಿತ್ತು. "ಚಿತ್ರ ಬಿಡಿಸಲಿಕ್ಕೆ ಸಂಬಳ ಕೊಡುವುದಾ ಮಾರಾಯ್ತಿ?" ಎಂದು ನಾನು ತಮಾಷೆ ಮಾಡಿದ್ದೆ.

ಆ ವಾರದ ಸೋಮವಾರವೇ ಕಾರ್ಕಳದ ನರ್ಸಿಂಗ್ ಹೋಮ್‌ನಿಂದ ಫೋನ್ ಬಂತು. ನಮ್ಮ ಹೊಸ ಆವೃತ್ತಿಯನ್ನು ಪ್ರಯೋಗಿಸಿ ನೋಡುತ್ತಿದ್ದ ಹಿರಿಯ ನರ್ಸ್ ಮಾತು ಬೆಳೆಸಲಿಲ್ಲ. "ಮೂರೂವರೆ ಕಿಲೋದ ಮಗುವಿಗೆ ಮೂವತ್ತೈದು ಕಿಲೋದ ಡೋಸ್ ತೋರಿಸ್ತಾ ಉಂಟು. ನಾನು ನೋಡಿದೆ, ಆಯ್ತು. ನೋಡದಿದ್ದರೆ?"

ದಶಾಂಶದ ತೂಕಕ್ಕೆಂದೇ ಟೆಸ್ಟ್ ಇತ್ತು, ರಿಪೋರ್ಟ್ ಹಸಿರಾಗಿತ್ತು. ಆ ರಿಪೋರ್ಟಿಗೆ ಸಹಿ ಹಾಕಿದ್ದವಳು ಹರಿಣಾಕ್ಷಿ. ನೋಡದೆ ಸಹಿ ಹಾಕುವವರನ್ನು ಖಾಯಂ ಮಾಡುವುದು ಹೇಗೆ ಎಂದು ಮ್ಯಾನೇಜರ್ ಅಂದೇ ಕರೆದ ಸಭೆಯಲ್ಲಿ ಕೇಳಿದರು. ನಾಚಿಕೆಯ ಸಂಗತಿಯೆಂದರೆ ನಾನೂ ತಲೆಯಾಡಿಸಿದೆ.

ಹರಿಣಾಕ್ಷಿ ಎದ್ದು ಗೋಡೆಯ ಪರದೆಯಲ್ಲಿ ತನ್ನ ಕಮಾಂಡ್ ಓಡಿಸಿದಳು. ಮಕ್ಕಳ ಡೋಸ್ ಎಂಬ ಗುಂಪಿನ ಮುಂದೆ ಸ್ಕಿಪ್ ಎಂದಿತ್ತು, ಎಂದರೆ ಇದನ್ನು ಓಡಿಸಬೇಡ ಎಂಬ ಸೂಚನೆ. ದಶಾಂಶದ ತೂಕದ್ದೂ ಸೇರಿ ಒಳಗಿನ ಹನ್ನೆರಡು ಟೆಸ್ಟ್‌ಗಳು ಓಡಿಯೇ ಇರಲಿಲ್ಲ. ರಿಪೋರ್ಟಿನ ಅಡಿಯಲ್ಲಿ ಬೂದು ಅಕ್ಷರಗಳಲ್ಲಿ ಆ ಸಂಖ್ಯೆ ಇತ್ತು. ವರ್ಷಗಳಿಂದ ನಾವ್ಯಾರೂ ಅದನ್ನು ಓದಿರಲಿಲ್ಲ.

ಸ್ಕಿಪ್ ಎಂಬುದನ್ನು ನೋಡಿದ್ದೇ ನನಗೆ ಹಳೆಯ ಒಂದು ಸಂಜೆ ನೆನಪಾಯಿತು. ತೂಕದ ಲೆಕ್ಕ ಬದಲಾಗುತ್ತಿದ್ದ ಸಮಯ, ಆ ಗುಂಪು ಕೆಂಪು ತೋರಿಸುತ್ತಿತ್ತು. ಉಡುಪಿಯಿಂದ ಬೆಳ್ಮಣ್‌ಗೆ ಐದೂವರೆಯ ಬಸ್ಸು ಹಿಡಿಯುವ ಅವಸರದಲ್ಲಿ, ಬೆಳಿಗ್ಗೆ ತೆಗೆದರಾಯಿತೆಂದು ಸ್ಕಿಪ್ ಹಾಕಿ ಹೊರಟಿದ್ದೆ. ಬಸ್ಸು ಸಿಕ್ಕಿತು. ಬೆಳಿಗ್ಗೆ ಮರೆತೇ ಹೋಯಿತು.

ಆಗ ಗಮನಿಸಿದೆ, ಪರದೆಯಲ್ಲಿ ಹೆಸರುಗಳ ಕಾಲಂ ಇರಲಿಲ್ಲ. ಅವಳು ಅದನ್ನು ಬೇಕೆಂದೇ ಬಿಟ್ಟಿದ್ದಳು.

"ಹೆಸರು ಸಮೇತ ಇನ್ನೊಮ್ಮೆ ಓಡಿಸು," ಎಂದೆ. ಅವಳು ಹಿಂಜರಿದಳು. ನಾನು ಬಿಡಲಿಲ್ಲ. ಎಲ್ಲರೆದುರು ಆ ಸಾಲಿಗೆ ನನ್ನ ಹೆಸರು ಬಂತು.

ಸ್ಕಿಪ್ ತೆಗೆದಾಗ ಹನ್ನೆರಡರಲ್ಲಿ ಮೂರು ಕೆಂಪಾದವು. ಎರಡು ದಿನದಲ್ಲಿ ದೋಷ ಸರಿಪಡಿಸಿದೆವು, ಕಾರ್ಕಳಕ್ಕೆ ನಾನೇ ಹೋಗಿ ಕ್ಷಮೆ ಕೇಳಿದೆ. ಹರಿಣಾಕ್ಷಿಯ ಕೆಲಸ ಆ ವಾರವೇ ಖಾಯಂ ಆಯಿತು.

ಹಸಿರು ಎಂದರೆ ಓಡಿದ ಟೆಸ್ಟ್‌ಗಳು ಪಾಸಾದವು ಎಂದಷ್ಟೇ. ಓಡದೇ ಉಳಿದವು ಯಾವುವು ಎಂದು ಕೇಳಲು ನಾನು ಕಲಿತದ್ದು ವೃತ್ತಿಯ ಕೊನೆಯ ವರ್ಷದಲ್ಲಿ. ಹೆಸರು ಯಾಕೆ ಮುಚ್ಚಿಟ್ಟೆ, ಸ್ಕಿಪ್ ಹಾಕಿದ್ದು ನೀನೇ ಎಂದುಕೊಂಡಿದ್ದರೆ ನಿನ್ನ ಕೆಲಸವೇ ಹೋಗುತ್ತಿತ್ತಲ್ಲ ಎಂದು ಆಮೇಲೆ ಅವಳನ್ನು ಗದರಿದೆ.

"ನನಗೆ ಬೇರೆ ಕೆಲಸ ಸಿಗ್ತದೆ ಮೇಡಂ," ಎಂದಳು. "ನಿಮಗೆ ಇರುವುದು ಒಂದೇ ವರ್ಷ ಅಲ್ವಾ?"